ಅಭಿಮಾನಿಗಳ ಕ್ಲಬ್ಬಿಗೆ ಧಣಿ ಬಂದಾಗ

ಆಟ ನೋಡಲು ಬರುವವರೇ ವಂತಿಗೆ ಕಟ್ಟಿ ಸದಸ್ಯರಾಗಿ, ತಮ್ಮೊಳಗಿಂದಲೇ ಆಡಳಿತ ಮಂಡಳಿಯನ್ನು ಆರಿಸಿ ನಡೆಸುವ ಫುಟ್‌ಬಾಲ್ ಕ್ಲಬ್ಬುಗಳು ಜಗತ್ತಿನ ಹಲವು ಕಡೆ ಇವೆ. ಗುತ್ತಲ, ಬ್ಯಾಡಗಿ, ರಾಣೆಬೆನ್ನೂರು ಕಡೆಯವರಿಗೆ ಈ ಏರ್ಪಾಡು ಹೊಸದೇನಲ್ಲ. ಊರಿನ ಕೃಷಿ ಪತ್ತಿನ ಸಹಕಾರ ಸಂಘ, ಹಾಲು ಉತ್ಪಾದಕರ ಸಂಘಗಳೂ ಇದೇ ತತ್ವದ ಮೇಲೆ ನಡೆಯುತ್ತವೆ: ಷೇರು ಒಂದಿರಲಿ, ನೂರಿರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಈ ಭಾಗದ ಜನ ಇದನ್ನು ಕಂಡವರೇ. ಅಂಥ ಸಂಘ ಸಾಲದಲ್ಲಿದ್ದಾಗ ಹೊರಗಿನ ಹಣವಂತನೊಬ್ಬ ಬಂದು, ಸಾಲ ತೀರಿಸುತ್ತೇನೆ, ಆದರೆ ಮುಕ್ಕಾಲು ಪಾಲು ನನ್ನ ಹೆಸರಿಗೆ ಆಗಬೇಕು ಎಂದರೆ ಸರ್ವಸದಸ್ಯರ ಸಭೆಯಲ್ಲಿ ಎಂಥ ಗದ್ದಲ ಏಳುತ್ತದೆಯೋ, ಫುಟ್‌ಬಾಲ್ ಕ್ಲಬ್ಬಿನಲ್ಲಿ ಏಳುವುದೂ ಅಂಥದ್ದೇ. ಒಂದು ವ್ಯತ್ಯಾಸ ಮಾತ್ರ ಇದೆ. ಸಂಘ ಸರಿಬರದಿದ್ದರೆ ರೈತ ಬೇರೆ ಬ್ಯಾಂಕಿಗೆ ಹೋದಾನು. ಕ್ಲಬ್ ಕೈಬಿಟ್ಟಿತೆಂದು ಅಭಿಮಾನಿ ಎದುರಾಳಿ ತಂಡಕ್ಕೆ ಜೈ ಅನ್ನುವುದಿಲ್ಲ. ಎಲ್ಲಿಗೂ ಹೋಗಲಾರದ ಈ ಗಿರಾಕಿಯ ನಿಷ್ಠೆಗೇ ಹೂಡಿಕೆದಾರ ಬೆಲೆ ಕಟ್ಟುವುದು.

ಕರ್ನಾಟಕದಲ್ಲಿ ದೊಡ್ಡ ಮಟ್ಟದ ಅಭಿಮಾನಿ ಒಡೆತನದ ಕ್ಲಬ್ ಬೆಳೆಯಲಿಲ್ಲ. ಆಟಕ್ಕೇನೂ ಕೊರತೆ ಇರಲಿಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೇ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ತಂದಿತ್ತು. 2023ರಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಅದನ್ನು ಮತ್ತೆ ಗೆದ್ದಿತು. ಆದರೆ ಬೆಂಗಳೂರಿನ ಹೆಸರಾಂತ ತಂಡಗಳಲ್ಲಿ ಹಲವು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳವು. ಆಟಗಾರನಿಗೆ ಕಾರ್ಖಾನೆಯಲ್ಲಿ ನೌಕರಿ, ಸಂಜೆ ಮೈದಾನದಲ್ಲಿ ಆಟ. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಕಟ್ಟಿದ ಬೆಂಗಳೂರು ಎಫ್‌ಸಿ ಮೊದಲ ದಿನದಿಂದಲೂ ಕಂಪನಿಯ ತಂಡ. ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗಕ್ಕೆ ದನಿ ಇದೆ, ಮತ ಇಲ್ಲ. ಇಂಡಿಯನ್ ಸೂಪರ್ ಲೀಗಿನ ಭವಿಷ್ಯ ತೂಗಾಡುತ್ತಿದ್ದ 2025ರ ಆಗಸ್ಟಿನಲ್ಲಿ ಕ್ಲಬ್ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿದಾಗ ಅಭಿಮಾನಿಗಳಿಗೆ ಅದು ಪ್ರಕಟಣೆಯ ಮೂಲಕವೇ ಗೊತ್ತಾಯಿತು.

ಸದಸ್ಯರ ಕ್ಲಬ್ಬನ್ನು ಕಂಪನಿ ಕೊಳ್ಳುವ ಪ್ರಶ್ನೆ ಭಾರತದಲ್ಲಿ ಎಲ್ಲಕ್ಕಿಂತ ಬಿಸಿಯಾಗಿ ಎದ್ದದ್ದು ಕೋಲ್ಕತ್ತದಲ್ಲಿ. ಅಲ್ಲಿಗೆ ಹೋದ ಹಣದಲ್ಲಿ ಎರಡು ಬಾರಿಯ ಕಂತು ಬೆಂಗಳೂರಿನದು ಎಂಬುದು ಕನ್ನಡಿಗರಲ್ಲಿ ಹೆಚ್ಚಿನವರಿಗೆ ನೆನಪಿಲ್ಲ. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್, 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಎರಡೂ ಸದಸ್ಯರ ಕ್ಲಬ್ಬುಗಳು. ಸದಸ್ಯರು ವರ್ಷ ವರ್ಷ ವಂತಿಗೆ ಕಟ್ಟುತ್ತಾರೆ, ಕಾರ್ಯಕಾರಿ ಸಮಿತಿಯನ್ನು ಚುನಾಯಿಸುತ್ತಾರೆ. ಕಚೇರಿ, ಮೈದಾನ ಎಲ್ಲ ಕೋಲ್ಕತ್ತದ ಮೈದಾನ್ ಪ್ರದೇಶದಲ್ಲಿ. ಆ ನೆಲ ಸೈನ್ಯದ್ದಾದ್ದರಿಂದ ಕ್ಲಬ್ಬಿನ ಮನೆಗೆ ಇಂದಿಗೂ ಟೆಂಟ್ ಎಂದೇ ಹೆಸರು. ಮಾರಲು ಜಾಗವಿಲ್ಲ, ಅಡವಿಡಲು ಕಟ್ಟಡವಿಲ್ಲ. ಇರುವ ಆಸ್ತಿಯೆಂದರೆ ಹೆಸರು, ಬಣ್ಣ, ಲಾಂಛನ, ಲಕ್ಷಾಂತರ ಜನರ ಅಭಿಮಾನ.

1998ರಲ್ಲಿ ವಿಜಯ್ ಮಲ್ಯ ಅವರ ಬೆಂಗಳೂರಿನ ಯುಬಿ ಸಮೂಹ ಈ ಎರಡೂ ಬದ್ಧವೈರಿಗಳ ತಂಡಗಳಲ್ಲಿ ಅರ್ಧರ್ಧ ಪಾಲು ಹಿಡಿಯಿತು. ಒಂದಕ್ಕೆ ಮೆಕ್‌ಡೊವೆಲ್ ಹೆಸರು ಅಂಟಿತು, ಇನ್ನೊಂದಕ್ಕೆ ಕಿಂಗ್‌ಫಿಷರ್. ಒಂದೇ ಧಣಿ ಎರಡೂ ತಂಡಗಳಿಗೆ ದುಡ್ಡು ಹಾಕುವುದು ಬೇರೆ ದೇಶದಲ್ಲಾಗಿದ್ದರೆ ದೊಡ್ಡ ರಾದ್ಧಾಂತವಾಗುತ್ತಿತ್ತು. ಇಲ್ಲಿ ನಡೆದುಹೋಯಿತು, ಏಕೆಂದರೆ ಕ್ಲಬ್ಬಿನ ದೈನಂದಿನ ಆಡಳಿತ ಸಮಿತಿಯ ಕೈಯಲ್ಲೇ ಉಳಿದಿತ್ತು; ಕಂಪನಿಗೆ ಬೇಕಿದ್ದದ್ದು ಅಂಗಿಯ ಮೇಲಿನ ಹೆಸರು. ಈಸ್ಟ್ ಬೆಂಗಾಲ್ 2003ರಲ್ಲಿ ಜಕಾರ್ತದಲ್ಲಿ ಆಸಿಯಾನ್ ಕ್ಲಬ್ ಕಪ್ ಗೆದ್ದದ್ದು ಇದೇ ಕಾಲದಲ್ಲಿ. ಅರ್ಧ ಪಾಲೆಂದು ಕಾಗದದಲ್ಲಿದ್ದರೂ ವಾಸ್ತವದಲ್ಲಿ ಅದು ಪ್ರಾಯೋಜಕತ್ವವೇ.

ನಿಜವಾದ ಸ್ವಾಧೀನ ಶುರುವಾದದ್ದು 2018ರ ಜುಲೈನಲ್ಲಿ. ಬೆಂಗಳೂರಿನ ಕ್ವೆಸ್ ಕಾರ್ಪ್ ಕಂಪನಿ ಈಸ್ಟ್ ಬೆಂಗಾಲ್ ಫುಟ್‌ಬಾಲ್ ತಂಡದಲ್ಲಿ ಶೇ. 70 ಪಾಲು ಪಡೆಯಿತು. ಕ್ಲಬ್ಬಿಗೆ ಉಳಿದದ್ದು ಶೇ. 30. ಮೊದಲ ವರ್ಷವೇ ತಂಡ ಐ-ಲೀಗ್ ಎಂಬ ರಾಷ್ಟ್ರೀಯ ಲೀಗಿನಲ್ಲಿ ಚೆನ್ನೈ ಸಿಟಿಗಿಂತ ಒಂದೇ ಅಂಕ ಹಿಂದೆ ನಿಂತು ಎರಡನೆಯ ಸ್ಥಾನ ಪಡೆಯಿತು. ಹಾಗಿದ್ದೂ ಕಂಪನಿ ಮತ್ತು ಕ್ಲಬ್ ಸಮಿತಿ ನಡುವೆ ಹೊಂದಾಣಿಕೆ ಆಗಲಿಲ್ಲ. 2020ರ ಮೇ ಕೊನೆಗೆ ಕ್ವೆಸ್ ಹೊರನಡೆಯಿತು. ಅಲ್ಲಿಯವರೆಗೆ ಸಾಮಾನ್ಯ ಸದಸ್ಯರ ಕಿವಿಗೆ ಬೀಳದ ಒಂದು ಮಾತು ಆಗ ಎಲ್ಲರ ಬಾಯಲ್ಲಿ ಬಂತು: ಕ್ರೀಡಾ ಹಕ್ಕು. ಲೀಗಿನಲ್ಲಿ ತಂಡ ಆಡಿಸುವ, ಆಟಗಾರರೊಂದಿಗೆ ಕರಾರು ಮಾಡಿಕೊಳ್ಳುವ ಅಧಿಕಾರ ಜಂಟಿ ಕಂಪನಿಯ ಹೆಸರಿನಲ್ಲಿತ್ತು. ಹೂಡಿಕೆದಾರ ಹೋದ ಮೇಲೂ ಆ ಹಕ್ಕು ವಾಪಸು ಬರುವ ತನಕ ಕ್ಲಬ್ ಬೇರೆಯವರ ಜೊತೆ ಮಾತಾಡುವಂತಿರಲಿಲ್ಲ. ಜುಲೈ ಮಧ್ಯದಲ್ಲಿ ಹಕ್ಕು ಮರಳಿತು. ಎರಡು ವಾರ ಕಳೆದರೆ ಕ್ಲಬ್ಬಿಗೆ ನೂರು ವರ್ಷ.

ಅದೇ ಹೊತ್ತಿಗೆ ಎದುರು ಮನೆಯ ಮೋಹನ್ ಬಾಗಾನ್ ಆರ್‌ಪಿಎಸ್‌ಜಿ ಸಮೂಹಕ್ಕೆ ಶೇ. 80 ಪಾಲು ಕೊಟ್ಟು ಸೂಪರ್ ಲೀಗಿಗೆ ಕಾಲಿಡುವುದು ಖಚಿತವಾಗಿತ್ತು. ಏಷ್ಯಾ ಫುಟ್‌ಬಾಲ್ ಒಕ್ಕೂಟ 2019ರಲ್ಲಿ ಭಾರತದ ಅಗ್ರ ಲೀಗ್ ಸೂಪರ್ ಲೀಗೇ ಎಂದು ಒಪ್ಪಿದ್ದರಿಂದ ಹೊರಗುಳಿಯುವುದೆಂದರೆ ಎರಡನೆಯ ದರ್ಜೆಗೆ ಇಳಿದಂತೆ. ಒಳಗೆ ಹೋಗಬೇಕೆಂದರೆ ಪ್ರತಿ ವರ್ಷ ಫ್ರಾಂಚೈಸಿ ಶುಲ್ಕ, ವಿದೇಶಿ ಆಟಗಾರರ ಸಂಬಳ. ವಂತಿಗೆ, ಟಿಕೆಟ್ ದುಡ್ಡಿನಲ್ಲಿ ಆಗುವ ಕೆಲಸವಲ್ಲ. ಸದಸ್ಯರ ಕ್ಲಬ್ಬುಗಳು ಸ್ವಾಧೀನಕ್ಕೆ ಒಪ್ಪುವುದು ಹೆಚ್ಚಾಗಿ ಇಂಥ ಇಕ್ಕಟ್ಟಿನಲ್ಲಿ. ಆತುರದಲ್ಲಿ ಹಾಕಿದ ಸಹಿಗೆ ಆಮೇಲೆ ದಂಡ ತೆರಬೇಕಾಗುತ್ತದೆ.

ಈಸ್ಟ್ ಬೆಂಗಾಲ್ ತೆತ್ತಿತು. 2020ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಅವರ ಮಧ್ಯಸ್ಥಿಕೆಯಲ್ಲಿ ಶ್ರೀ ಸಿಮೆಂಟ್ ಕಂಪನಿ ಶೇ. 76 ಪಾಲಿನೊಂದಿಗೆ ಬಂದಿತು. ಆಗ ಸಹಿಯಾದದ್ದು ಪ್ರಾಥಮಿಕ ಒಡಂಬಡಿಕೆ ಮಾತ್ರ. ತಂಡ ಆಡಿತು, ಋತು ಮುಗಿಯಿತು, ಅಂತಿಮ ಒಪ್ಪಂದಕ್ಕೆ ಸಹಿ ಬೀಳಲೇ ಇಲ್ಲ. ಮೊದಲು ಒಪ್ಪಿದ್ದಕ್ಕೂ ಈಗ ಬರೆದಿರುವುದಕ್ಕೂ ತಾಳೆಯಿಲ್ಲ, ಸದಸ್ಯರ ಹಕ್ಕಿಗೂ ಟೆಂಟಿಗೂ ಧಕ್ಕೆ ಬರುತ್ತದೆ ಎಂದು ಸಮಿತಿ ಪಟ್ಟು ಹಿಡಿಯಿತು. ಸಹಿಯಿಲ್ಲದೆ ಇನ್ನು ಹಣವಿಲ್ಲ ಎಂದು ಕಂಪನಿ ಹೇಳಿತು. ಅಭಿಮಾನಿಗಳು ಎರಡು ಪಾಳಯವಾದರು. 2021ರ ಜುಲೈ 21ರಂದು ಕ್ಲಬ್ ಎದುರು ಸೇರಿದ ಅವರ ನಡುವೆಯೇ ಜಗಳ ಹತ್ತಿ ಪೊಲೀಸರು ಲಾಠಿ ಬೀಸಿದರು. ಮುಖ್ಯಮಂತ್ರಿ ಮತ್ತೆ ನಡುವೆ ಬಂದು ಒಂದು ಋತುವಿನ ಮಟ್ಟಿಗೆ ರಾಜಿ ಮಾಡಿಸಿದರು. ತರಾತುರಿಯಲ್ಲಿ ಕಟ್ಟಿದ ಆ ತಂಡ ಹನ್ನೊಂದರಲ್ಲಿ ಹನ್ನೊಂದನೆಯದಾಗಿ ಮುಗಿಸಿತು. 2022ರಲ್ಲಿ ಶ್ರೀ ಸಿಮೆಂಟ್ ಹಕ್ಕುಗಳನ್ನು ಮರಳಿಸಿ ಹೋಯಿತು, ಆಗಸ್ಟ್ ಹೊತ್ತಿಗೆ ಇಮಾಮಿ ಕಂಪನಿ ಬಂದಿತು. 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದಾಗ ಕ್ಲಬ್ಬಿನ ಹನ್ನೆರಡು ವರ್ಷಗಳ ರಾಷ್ಟ್ರಮಟ್ಟದ ಬರ ನೀಗಿತು.

ಈ ಕಥೆಯಲ್ಲಿ ಕಂಪನಿ ಖಳನೂ ಅಲ್ಲ, ಸಮಿತಿ ಸಂತನೂ ಅಲ್ಲ. ತಪ್ಪಿದ್ದು ಕ್ರಮ. ಹಣ ಮೊದಲು ಬಂತು, ಕರಾರು ಆಮೇಲೆ ಚರ್ಚೆಗೆ ಬಂತು. ಸದಸ್ಯರ ಮುಂದೆ ಕರಡನ್ನು ಮೊದಲೇ ಇಟ್ಟು ಓದಿಸಿದ್ದರೆ ಬೀದಿಯಲ್ಲಿ ನಡೆದ ಜಗಳ ಸಭೆಯಲ್ಲೇ ಮುಗಿಯುತ್ತಿತ್ತು.

ಮೋಹನ್ ಬಾಗಾನ್‌ನಲ್ಲಿ ಕರಾರು ಸಲೀಸಾಗಿಯೇ ಆಯಿತು, ಹಸಿರು-ಮೆರೂನ್ ಅಂಗಿಯೂ ಉಳಿಯಿತು. ಆದರೆ ಹೆಸರಿನ ಮುಂದೆ ಎಟಿಕೆ ಎಂಬ ಮೂರಕ್ಷರ ಸೇರಿತು. ಅದು ಅದೇ ಊರಿನ, ಅದೇ ಒಡೆಯರ ಹಳೆಯ ಫ್ರಾಂಚೈಸಿಯ ಹೆಸರು. 1911ರಲ್ಲಿ ಬರಿಗಾಲಲ್ಲಿ ಆಡಿ ಬ್ರಿಟಿಷ್ ಸೈನಿಕರ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕ್ಲಬ್ಬಿಗೆ ಆರು ವರ್ಷದ ತಂಡದ ಹೆಸರು ಮುಂದೆ ಬರುವುದೇ ಎಂದು ಅಭಿಮಾನಿಗಳು ಕೆರಳಿದರು. ಎಟಿಕೆ ತೆಗೆಯಿರಿ ಎಂಬ ಚಳವಳಿ ಮೂರು ಋತು ನಡೆಯಿತು. 2023ರ ಮಾರ್ಚ್ 18ರಂದು ಗೋವಾದಲ್ಲಿ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಮಣಿಸಿ ತಂಡ ಸೂಪರ್ ಲೀಗ್ ಪ್ರಶಸ್ತಿ ಗೆದ್ದ ರಾತ್ರಿಯೇ ಮಾಲೀಕ ಸಂಜೀವ್ ಗೋಯೆಂಕಾ ಹೆಸರು ಬದಲಾಯಿಸುವುದಾಗಿ ಸಾರಿದರು. ಆದರೂ ಬಂದದ್ದು ಬರೀ ಮೋಹನ್ ಬಾಗಾನ್ ಅಲ್ಲ, ಮೋಹನ್ ಬಾಗಾನ್ ಸೂಪರ್ ಜೈಂಟ್. ಶೇ. 20ರ ಪಾಲುದಾರ ಬೇಡಿಕೊಳ್ಳಬಹುದು, ಗದರಿಸಬಹುದು. ತೀರ್ಮಾನ ಮಾತ್ರ ಶೇ. 80ರವನದು.

ಅಭಿಮಾನಿಗಳಿಗೆ ಕಾನೂನುಬದ್ಧ ಒಡೆತನವೂ ಮತವೂ ಇದ್ದಲ್ಲಿ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನಲ್ಲಿ ಒಳ್ಳೆಯ ಉದಾಹರಣೆಗಳಿವೆ. ವೇಲ್ಸ್‌ನ ರೆಕ್ಸಮ್ ಕ್ಲಬ್ 1864ರಷ್ಟು ಹಳೆಯದು. ಕ್ರೀಡಾಂಗಣದ ಜಾಗದ ಮೇಲೆ ಕಣ್ಣಿಟ್ಟ ಒಬ್ಬ ಒಡೆಯನಿಂದ ಪೆಟ್ಟು ತಿಂದ ಮೇಲೆ, 2011ರಲ್ಲಿ ಅಭಿಮಾನಿಗಳ ಟ್ರಸ್ಟ್ ಅದನ್ನು ವಹಿಸಿಕೊಂಡಿತು. ಲೀಗಿನ ಠೇವಣಿಗಾಗಿ ಒಂದೇ ದಿನದಲ್ಲಿ ಲಕ್ಷ ಪೌಂಡಿಗೂ ಮೀರಿ ಹಣ ಕೂಡಿತ್ತು. ಕ್ಲಬ್ ಬದುಕಿತು, ಆದರೆ ಐದನೆಯ ದರ್ಜೆಯಲ್ಲೇ ಉಳಿಯಿತು. 2020ರಲ್ಲಿ ಹಾಲಿವುಡ್ ನಟ ರಯಾನ್ ರೆನಾಲ್ಡ್ಸ್ ಮತ್ತು ರಾಬ್ ಮೆಕೆಲ್ಹೆನಿ 20 ಲಕ್ಷ ಪೌಂಡ್ ಹೂಡಿಕೆಯ ಪ್ರಸ್ತಾವ ತಂದಾಗ ಟ್ರಸ್ಟ್ ಸದಸ್ಯರು ಮತ ಹಾಕಿದರು, ಶೇ. 98ಕ್ಕೂ ಹೆಚ್ಚು ಮಂದಿ ಒಪ್ಪಿದರು. ಹೆಸರು, ಬಣ್ಣ, ಊರು ಬದಲಾಗುವುದಿಲ್ಲ ಎಂಬ ಭರವಸೆಗಳು ಮತಕ್ಕೆ ಮೊದಲೇ ಬಂದಿದ್ದವು. 2023, 2024, 2025ರಲ್ಲಿ ಸಾಲಾಗಿ ಮೂರು ಬಡ್ತಿ ಪಡೆದು ರೆಕ್ಸಮ್ ಎರಡನೆಯ ದರ್ಜೆ ಮುಟ್ಟಿದೆ. ಇದನ್ನು ನೋಡಿ ಎಲ್ಲ ಸ್ವಾಧೀನವೂ ಹೀಗೇ ಎಂದುಕೊಳ್ಳಬಾರದು. ಸಾಕ್ಷ್ಯಚಿತ್ರ ಸರಣಿಯಿಂದ ಜಗತ್ಪ್ರಸಿದ್ಧವಾಗುವ ಅದೃಷ್ಟ ಎಲ್ಲ ಊರಿಗೂ ಒಲಿಯುವುದಿಲ್ಲ.

ಪೋರ್ಟ್ಸ್‌ಮತ್ ಕಥೆ ಹೆಚ್ಚು ಪಾಠವಿರುವಂಥದ್ದು. 2008ರಲ್ಲಿ ಎಫ್‌ಎ ಕಪ್ ಗೆದ್ದ ಕ್ಲಬ್ ಸಾಲದಲ್ಲಿ ಮುಳುಗಿ ನಾಲ್ಕನೆಯ ದರ್ಜೆಗೆ ಜಾರಿದಾಗ, 2013ರಲ್ಲಿ ಅಭಿಮಾನಿಗಳು ತಲಾ ಸಾವಿರ ಪೌಂಡಿನ ಷೇರು ಕೊಂಡು ಅದನ್ನು ಉಳಿಸಿಕೊಂಡರು. ಹಳೆಯ ಸಾಲ ತೀರಿಸಿದರು, 2017ರಲ್ಲಿ ನಾಲ್ಕನೆಯ ದರ್ಜೆಯ ಪ್ರಶಸ್ತಿಯನ್ನೂ ಗೆದ್ದರು. ಅದೇ ವರ್ಷ ಡಿಸ್ನಿ ಕಂಪನಿಯ ಮಾಜಿ ಮುಖ್ಯಸ್ಥ ಮೈಕೇಲ್ ಐಸ್ನರ್ ಕೊಳ್ಳಲು ಮುಂದೆ ಬಂದರು. ಗೆದ್ದ ಹೊತ್ತಿನಲ್ಲೇ ಮಾರಬೇಕೆ ಎಂಬುದು ವಾದವಾಯಿತು. ಕ್ರೀಡಾಂಗಣ ಹಳತಾಗಿತ್ತು, ರಿಪೇರಿಗೆ ಷೇರುದಾರರ ಕಿಸೆ ಸಾಲದು. ಮತ ಎಣಿಸಿದಾಗ ಶೇ. 80ರಷ್ಟು ಪರ, ಐದು ಪಾಲಿನಲ್ಲಿ ಒಂದು ಪಾಲು ವಿರೋಧ. ದಿವಾಳಿಯಾಗಿರದ, ಗೆಲ್ಲುತ್ತಿದ್ದ ಕ್ಲಬ್ಬಾದ್ದರಿಂದ ಚೌಕಾಸಿಗೆ ಬಲವಿತ್ತು. 56.7 ಲಕ್ಷ ಪೌಂಡ್ ಬೆಲೆಯ ಜೊತೆಗೆ ಕ್ಲಬ್ಬಿಗೇ ಇನ್ನೊಂದು ಕೋಟಿ ಪೌಂಡ್ ಹಾಕುವ ಮಾತೂ ಕರಾರಿನಲ್ಲಿ ಬಂತು. ಕ್ಲಬ್ ಮಾರುವುದಾದರೆ ಕೈ ಗಟ್ಟಿಯಿರುವಾಗಲೇ ಮಾರಬೇಕು ಎಂಬುದನ್ನು ಕೋಲ್ಕತ್ತವನ್ನೂ ಪೋರ್ಟ್ಸ್‌ಮತ್ತನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಮಾರದೆ ನಿಂತವರೂ ಇದ್ದಾರೆ. ಲಂಡನ್ನಿನ ಎಎಫ್‌ಸಿ ವಿಂಬಲ್ಡನ್ ಹುಟ್ಟಿದ್ದೇ ಒಡೆಯರ ಮೇಲಿನ ಸಿಟ್ಟಿನಿಂದ. ಹಳೆಯ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಎಂಬ ಬೇರೆ ಊರಿಗೆ ಒಯ್ಯಲು 2002ರಲ್ಲಿ ಅನುಮತಿ ಸಿಕ್ಕಾಗ ಅಭಿಮಾನಿಗಳು ಸೊನ್ನೆಯಿಂದ ಹೊಸ ತಂಡ ಕಟ್ಟಿದರು. ಹಳೆಯ ಜಾಗದ ಹತ್ತಿರವೇ ಕ್ರೀಡಾಂಗಣ ಕಟ್ಟುವಾಗ ಹಣ ಕಡಿಮೆ ಬಿದ್ದು, ಹೊರಗಿನವರಿಗೆ ಪಾಲು ಕೊಡುವ ಮಾತು ಬಂದಿತ್ತು. ಅದರ ಬದಲು ಅಭಿಮಾನಿಗಳು ಬಾಂಡ್ ಹೊರಡಿಸಿ 50 ಲಕ್ಷ ಪೌಂಡಿಗೂ ಹೆಚ್ಚು ಎತ್ತಿದರು. 2020ರ ನವೆಂಬರಿನಲ್ಲಿ ಅಲ್ಲಿ ಆಟ ಶುರುವಾಯಿತು. ಬಾಂಡ್ ಎಂದರೂ ಸಾಲವೇ, ಬಡ್ಡಿಯೊಡನೆ ತೀರಿಸಬೇಕು. ಸ್ವಾತಂತ್ರ್ಯಕ್ಕೂ ಖರ್ಚಿದೆ.

ಜರ್ಮನಿ ಈ ಚರ್ಚೆಯನ್ನು ನಿಯಮದಿಂದಲೇ ಚಿಕ್ಕದು ಮಾಡಿದೆ. 1998ರಿಂದ ಕ್ಲಬ್ಬುಗಳು ಕಂಪನಿ ಮಾಡಿಕೊಳ್ಳಬಹುದು, ಆದರೆ ಅರ್ಧಕ್ಕಿಂತ ಒಂದಾದರೂ ಹೆಚ್ಚು ಮತ ಸದಸ್ಯರ ಸಂಘದಲ್ಲೇ ಇರಬೇಕು. ಲೆವರ್ಕುಸನ್, ವೋಲ್ಫ್ಸ್‌ಬರ್ಗ್‌ನಂಥ ಕಾರ್ಖಾನೆಯ ಊರುಗಳ ಕ್ಲಬ್ಬುಗಳಿಗೆ ವಿನಾಯಿತಿ ಸಿಕ್ಕಿದೆ. ಲೀಗಿನ ಪ್ರಸಾರದ ಆದಾಯದಲ್ಲೇ ಹೂಡಿಕೆದಾರನಿಗೆ ಪಾಲು ಕೊಡಲು ಹೊರಟಾಗ ಗ್ಯಾಲರಿಗಳಿಂದ ಟೆನಿಸ್ ಚೆಂಡುಗಳ ಮಳೆ ಸುರಿಯಿತು; 2024ರ ಫೆಬ್ರವರಿಯಲ್ಲಿ ಲೀಗ್ ಆ ಯೋಜನೆಯನ್ನೇ ಕೈಬಿಟ್ಟಿತು.

ಮತವೇ ಇಲ್ಲದ ಅಭಿಮಾನಿಯ ಪಾಡು ಭಾರತದ ಫ್ರಾಂಚೈಸಿಗಳಲ್ಲಿ ಕಾಣುತ್ತದೆ. ದೆಹಲಿ ಡೈನಮೋಸ್ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆ ಸಿಟಿ ಬಾಗಿಲು ಹಾಕಿ, ಅದರ ಜಾಗಕ್ಕೆ ಹೈದರಾಬಾದ್ ಬಂದಿತು. 2022ರಲ್ಲಿ ಸೂಪರ್ ಲೀಗ್ ಪ್ರಶಸ್ತಿ ಗೆದ್ದ ಆ ಹೈದರಾಬಾದ್ ತಂಡವೂ 2025ರಲ್ಲಿ ದೆಹಲಿಗೆ ಗಂಟುಮೂಟೆ ಕಟ್ಟಿತು. ಯಾವ ಊರಿನಲ್ಲೂ ಅಭಿಮಾನಿಗಳನ್ನು ಕರೆದು ಕೇಳುವ ಕಟ್ಟುಪಾಡು ಇರಲಿಲ್ಲ.

ಹೀಗಾಗಿ ಕೊಳ್ಳುವವನು ಎದುರು ಕುಳಿತಾಗ ಬೆಲೆ ಕೊನೆಯ ಪ್ರಶ್ನೆಯಾಗಬೇಕು. ಹಣ ಎಲ್ಲಿಂದ ಬರುತ್ತದೆ, ಅದು ಬಂಡವಾಳವೋ ಕ್ಲಬ್ಬಿನ ತಲೆಯ ಮೇಲೆ ಹೊರಿಸುವ ಸಾಲವೋ ಎಂಬುದು ಮೊದಲು. ಸಾಲವಾಗಿದ್ದರೆ ಒಡೆಯ ಹೊರಡುವ ದಿನ ಅದನ್ನು ವಾಪಸು ಕೇಳುತ್ತಾನೆ. ಕ್ರೀಡಾಂಗಣದ ಜಾಗ ಯಾರ ಹೆಸರಿನಲ್ಲಿ ಇರುತ್ತದೆ ಎಂಬುದು ಅಷ್ಟೇ ಮುಖ್ಯ. ಕ್ಲಬ್ಬಿಗಿಂತ ಜಾಗಕ್ಕೆ ಬೆಲೆ ಹೆಚ್ಚಿರುವ ಊರಿನಲ್ಲಂತೂ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹೆಸರು, ಬಣ್ಣ, ಲಾಂಛನ, ತವರೂರು ಬದಲಿಸಬೇಕಾದರೆ ಸದಸ್ಯರ ಒಪ್ಪಿಗೆ ಬೇಕು ಎಂಬ ಷರತ್ತು ಬಾಯಿಮಾತಿನಲ್ಲಿದ್ದರೆ ಸಾಲದು, ಶೇ. 10ರ ಪಾಲಿದ್ದರೂ ತಡೆಹಿಡಿಯುವ ಅಧಿಕಾರ ಸಿಗುವಂತೆ ಅದನ್ನು ಬರೆಸಿಕೊಳ್ಳಬೇಕು. ಹೂಡಿಕೆದಾರ ಬಿಟ್ಟು ಹೋಗುವಾಗ ಕ್ರೀಡಾ ಹಕ್ಕು ಎಷ್ಟು ದಿನದೊಳಗೆ, ಯಾವ ಬೆಲೆಗೆ ಮರಳುತ್ತದೆ ಎಂಬ ಕಲಮನ್ನು ಎಲ್ಲರೂ ಕೊನೆಗೆ ಓದುತ್ತಾರೆ. ಈಸ್ಟ್ ಬೆಂಗಾಲ್ ನಾಲ್ಕು ವರ್ಷಗಳಲ್ಲಿ ಎರಡು ಬಾರಿ ಸಿಕ್ಕಿಬಿದ್ದದ್ದು ಅಲ್ಲೇ.

ಬ್ರಿಟನ್ ಸಂಸತ್ತು 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯಿದೆಗೆ ಅಂಗೀಕಾರ ಮುದ್ರೆ ಒತ್ತಿ, ಇಂಗ್ಲೆಂಡಿನ ಕ್ಲಬ್ಬುಗಳ ಮೇಲೆ ಸ್ವತಂತ್ರ ನಿಯಂತ್ರಕನನ್ನು ಕೂರಿಸಿತು. ಲಾಂಛನ, ಅಂಗಿಯ ಬಣ್ಣ ಬದಲಿಸುವ ಮುನ್ನ ಅಭಿಮಾನಿಗಳ ಮಾತು ಕೇಳಬೇಕು, ಕ್ರೀಡಾಂಗಣ ಮಾರುವ ಮುನ್ನ ನಿಯಂತ್ರಕನ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ ಆ ಕಾಯಿದೆ. ಭಾರತದ ಕ್ಲಬ್ ಸದಸ್ಯರಿಗೆ ಅಂಥ ಆಸರೆ ಇಲ್ಲ. ಅವರ ರಕ್ಷಣೆಗೆ ಇರುವುದು ಸಂಘದ ಬೈಲಾ, ಕರಾರಿನ ಕಾಗದ ಇವೆರಡೇ. ಆದ್ದರಿಂದ ಕರಡು ಒಪ್ಪಂದದ ಪ್ರತಿ ಕೈಗೆ ಬಂದು, ಅದನ್ನು ಓದಲು ಸಮಯ ಸಿಗುವ ತನಕ ಯಾವ ಸದಸ್ಯನೂ ಸಭೆಯಲ್ಲಿ ಕೈ ಎತ್ತಬಾರದು.