ಮೈ ಒಂದು ಕುಲ, ಬಾಯಿ ಇನ್ನೊಂದು

ಕಲ್ಲಾಗಿ ಸಿಕ್ಕ ಮೀನಿಗೆ ಬಣ್ಣವಿರುವುದಿಲ್ಲ, ಮಾಂಸವಿರುವುದಿಲ್ಲ. ಎಷ್ಟೋ ಸಲ ಬಾಲವೂ ಉಳಿದಿರುವುದಿಲ್ಲ. ಆಗ ತಜ್ಞರಿಗೆ ಆಸರೆಯಾಗುವುದು ತಲೆಬುರುಡೆ. ಅದರಲ್ಲಿ ಎಷ್ಟು ಮೂಳೆಗಳಿವೆ, ಅವು ಎಲ್ಲೆಲ್ಲಿ ಕೂಡುತ್ತವೆ, ಕಣ್ಣಿನ ಗೂಡು ಎಲ್ಲಿದೆ, ದವಡೆ ಹೇಗಿದೆ ಎಂಬುದನ್ನು ನೋಡಿ ಮೀನಿನ ಕುಲವನ್ನು ಹೇಳುತ್ತಾರೆ. ಬುರುಡೆಯೇ ಎರಡು ಕುಲಗಳನ್ನು ಹೇಳತೊಡಗಿದರೆ?

ಚೀನಾದ ಯುನ್ನಾನ್ ಪ್ರಾಂತ್ಯದ ಚೂಜಿಂಗ್ ಬಳಿ ದೊರೆತ ಮೀನೊಂದು ಇಂಥದೇ ಪೇಚನ್ನು ತಂದಿಟ್ಟಿತು. ಅದರ ವಯಸ್ಸು ಸುಮಾರು 42 ಕೋಟಿ ವರ್ಷ, ಉದ್ದ ಹೆಚ್ಚುಕಡಿಮೆ ಒಂದು ಗೇಣು. ತಲೆಗೂ ಎದೆಭಾಗಕ್ಕೂ ಮೂಳೆ ಫಲಕಗಳ ಕವಚವಿತ್ತು. ಇದು ಸುಮಾರು 36 ಕೋಟಿ ವರ್ಷಗಳ ಹಿಂದೆ ಅಳಿದುಹೋದ 'ಪ್ಲಾಕೊಡರ್ಮ್' ಎಂಬ ಕವಚಮೀನುಗಳ ಲಕ್ಷಣ. ಮೇಲಿನಿಂದ ನೋಡಿದವರು ಅಷ್ಟಕ್ಕೇ ಗುರುತು ಬರೆದು ಮುಗಿಸಬಹುದಿತ್ತು.

ತಕರಾರು ತೆಗೆದದ್ದು ಬಾಯಿ. ಕವಚಮೀನುಗಳ ಬಾಯಲ್ಲಿ ಸಾಮಾನ್ಯವಾಗಿ ಇರುವುದು ಕತ್ತಿಯ ಅಲಗಿನಂಥ ಸರಳ ಮೂಳೆ ತುಂಡುಗಳು. ಈ ಮೀನಿನ ಮೇಲ್ದವಡೆಯ ಮುಂದುಗಡೆ ಒಂದು ಮೂಳೆ, ಅದರ ಪಕ್ಕಕ್ಕೆ ಇನ್ನೊಂದು, ಕೆಳದವಡೆಯ ಹೊರಗೆ ಮತ್ತೊಂದು. ಅಡುಗೆಮನೆಗೆ ಬರುವ ಬಂಗುಡೆಯಲ್ಲಿ ಕಾಣುವುದು ಇದೇ ಏರ್ಪಾಡು. ಅಷ್ಟೇ ಏಕೆ, ಮನುಷ್ಯನ ಹಲ್ಲುಗಳೆಲ್ಲ ನೆಟ್ಟಿರುವುದೂ ಇವೇ ಮೂಳೆಗಳಲ್ಲಿ!

ಝೂ ಮಿನ್ ಮತ್ತು ಸಂಗಡಿಗರು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿ 'ಎಂಟೆಲೊಗ್ನಾಥಸ್' ಎಂದು ಹೆಸರಿಟ್ಟರು. ಪೂರ್ಣ ದವಡೆ ಎಂಬುದು ಅದರ ಅರ್ಥ. ದವಡೆಯೊಂದನ್ನೇ ನಂಬಿ ಅವರು ತೀರ್ಮಾನಿಸಲಿಲ್ಲ. ಒಂದೇ ಬಗೆಯ ಅಂಗ ಎರಡು ವಂಶಗಳಲ್ಲಿ ಬೇರೆ ಬೇರೆಯಾಗಿ ಮೂಡುವುದೂ ಉಂಟಲ್ಲ! ಆದ್ದರಿಂದ ನೂರಾರು ಲಕ್ಷಣಗಳನ್ನು ಇತರ ಮೀನುಗಳೊಡನೆ ಹೋಲಿಸಿ ಪಟ್ಟಿ ಮಾಡಿದರು. ಮೀನು ನಿಂತದ್ದು ಕವಚಮೀನುಗಳ ಸಾಲಿನಲ್ಲೇ. ಆದರೆ ಶಾರ್ಕ್ ಮತ್ತು ಮೂಳೆಮೀನುಗಳ ವಂಶಗಳು ಕವಲೊಡೆಯುವ ಜಾಗಕ್ಕೆ ತೀರ ಹತ್ತಿರ.

ಇದರಿಂದ ಕದಲಿದ್ದು ಪಠ್ಯಪುಸ್ತಕದ ಹಳೆಯ ನಂಬಿಕೆ. ದವಡೆಯುಳ್ಳ ಮೊದಲ ಪೂರ್ವಜ ಶಾರ್ಕಿನಂತಿತ್ತು, ಮೃದ್ವಸ್ಥಿಯದಾಗಿತ್ತು, ಮೂಳೆಯ ದವಡೆ ಆಮೇಲೆ ಬಂತು ಎಂದೇ ಬಹುಕಾಲ ತಿಳಿಯಲಾಗಿತ್ತು. ಈಗ ಲೆಕ್ಕ ತಿರುಗಿದೆ. ಮೂಳೆ ಮೊದಲೇ ಇತ್ತು, ಶಾರ್ಕ್‌ಗಳ ವಂಶವೇ ಅದನ್ನು ಕಳೆದುಕೊಂಡಿತು ಎನ್ನುವ ವಾದಕ್ಕೆ ಬಲ ಬಂದಿದೆ.

2016ರಲ್ಲಿ ಅದೇ ಚೂಜಿಂಗ್‌ನ ಇನ್ನೊಂದು ಕವಚಮೀನು 'ಚೀಲಿನ್‌ಯೂ' ವರದಿಯಾಯಿತು. ಅದರ ದವಡೆಯ ಮೂಳೆಗಳು ಹಳೆಯ ಅಲಗಿಗೂ ಹೊಸ ದವಡೆಗೂ ನಡುವಿನ ರೂಪದಲ್ಲಿದ್ದವು.