ನೋಟರಿಗೆ ಪರೀಕ್ಷೆ ಇಲ್ಲ, ಆದರೂ ಓದುತ್ತಿದ್ದೇನೆ

‘ನೋಟರಿ ಪರೀಕ್ಷೆ ಯಾವಾಗೈತಿ ತಂಗಿ?’ ಬನಹಟ್ಟಿಯ ನಮ್ಮ ಓಣಿಯಲ್ಲಿ ನನ್ನ ಕೈಯಲ್ಲಿ ಪುಸ್ತಕ ಕಂಡವರೆಲ್ಲ ಕೇಳುವುದು ಇದನ್ನೇ. ಪಿಡಿಒ, ಪಿಎಸ್ಐ ಹಾಗೆ ಇದಕ್ಕೂ ಒಂದು ಪರೀಕ್ಷೆ ಇರಬೇಕೆಂಬುದು ಅವರ ಲೆಕ್ಕ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಾದರೆ ಅವರ ಲೆಕ್ಕ ಸರಿ. ಅಲ್ಲಿ ವಕೀಲರಲ್ಲದವರೂ ರಾಜ್ಯದ ಪರೀಕ್ಷೆ ಬರೆದು ನೋಟರಿ ಆಗಬಹುದು. ನಮ್ಮಲ್ಲಿ 1952ರ ನೋಟರಿ ಕಾಯ್ದೆ, 1956ರ ನಿಯಮಗಳ ಪ್ರಕಾರ ಮೊದಲು 10 ವರ್ಷ ವಕೀಲಿಕೆ ಮಾಡಿರಬೇಕು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ಆಮೇಲೆ ಅರ್ಜಿ. ಅದರ ಮೇಲೆ ಮ್ಯಾಜಿಸ್ಟ್ರೇಟ್, ರಾಷ್ಟ್ರೀಕೃತ ಬ್ಯಾಂಕಿನ ಮ್ಯಾನೇಜರ್, ಒಬ್ಬ ವ್ಯಾಪಾರಿ, ಊರಿನ ಇಬ್ಬರು ಗಣ್ಯರ ಸಹಿ ಬೇಕು. ಅಂದರೆ ಏಳು ವರ್ಷದಲ್ಲಿ ಊರಿನ ನಂಬಿಕೆ ಗಳಿಸಬೇಕು.

ಆ ಏಳು ವರ್ಷದ ಬಾಗಿಲಲ್ಲೇ ಒಂದು ಪರೀಕ್ಷೆ ಕೂತಿದೆ. ವಕೀಲರ ಪರಿಷತ್ತಿನ ಎಐಬಿಇ. ಸನ್ನದು ಸಿಕ್ಕ ಎರಡು ವರ್ಷದೊಳಗೆ ಪಾಸಾಗಬೇಕು. ನೂರು ಪ್ರಶ್ನೆ, ನನ್ನಂಥವರಿಗೆ 45 ಅಂಕ ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಯ್ಯಬಹುದು, ಕನ್ನಡದಲ್ಲೂ ಬರೆಯಬಹುದು. ಇಷ್ಟು ಕೇಳಿದವರು ‘ಬಾಳ ಸಲೀಸ ಐತಲ್ಲ’ ಅನ್ನುತ್ತಾರೆ. ವಿಷಯಗಳು ಹತ್ತೊಂಬತ್ತು! ಪುಸ್ತಕ ಮುಂದಿದ್ದರೂ ಯಾವ ಕಲಂ ಎಲ್ಲಿದೆ ಎಂದು ಗೊತ್ತಿರದಿದ್ದರೆ ಹಾಳೆ ತಿರುಗಿಸುವುದರಲ್ಲೇ ಹೊತ್ತು ಹೋಗುತ್ತದೆ. ಅದರ ಮೇಲೆ 2024ರ ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳು. ಸೀನಿಯರುಗಳು ಕೊಟ್ಟ ನೋಟ್ಸಿನಲ್ಲಿ ಕೊಲೆ 302, ನನ್ನ ಪುಸ್ತಕದಲ್ಲಿ 103. ಊರೆಲ್ಲ ಬೈಗುಳದಂತೆ ಬಳಸುವ ‘ಫೋರ್ ಟ್ವೆಂಟಿ’ಯೂ ಈಗ 318ಕ್ಕೆ ಹೋಗಿದೆ.

ಪ್ರತಿ ಭಾನುವಾರ ನಾಲ್ವರು ಜಮಖಂಡಿಯಲ್ಲಿ ಕೂಡಿ ಓದುತ್ತೇವೆ. ಬೀಳಗಿಯ ಗೆಳೆಯನದು ಮುಳುಗಡೆಯ ಮನೆ. ಆಲಮಟ್ಟಿ ಹಿನ್ನೀರಿಗೆ ಅಜ್ಜನ ಹೊಲ ಹೋಯಿತು. ಪರೀಕ್ಷೆಯಲ್ಲಿ ಭೂಸ್ವಾಧೀನಕ್ಕೆ ಇರುವುದು ಎರಡೇ ಅಂಕ. ಉಳಿದವರು ಅದನ್ನು ಬಿಟ್ಟು ಮುಂದೆ ಹೋಗೋಣ ಎಂದರೆ ಅವನು ಕೇಳುವುದಿಲ್ಲ. 2013ರ ಕಾಯ್ದೆಯನ್ನು ಅಕ್ಷರ ಬಿಡದೆ ಓದಿದ್ದಾನೆ. ಅಂಕದ ದೃಷ್ಟಿಯಿಂದ ಅದು ನಷ್ಟ, ಆದರೆ ನಮ್ಮ ನಾಲ್ವರಲ್ಲಿ ಮೊದಲು ಕಕ್ಷಿದಾರರು ಸಿಗುವುದು ಅವನಿಗೇ ಎಂದು ನನ್ನ ಎಣಿಕೆ. ಮುಧೋಳದವಳಿಗೆ ಕರಾರು ಕಾಯ್ದೆ ಕಬ್ಬಿನ ಲೆಕ್ಕದಲ್ಲಿ ಹೇಳಿದರೆ ಮಾತ್ರ ತಲೆಗೆ ಹೋಗುತ್ತದೆ. ಜಮಖಂಡಿಯವನ ಮನೆಯಲ್ಲಿ ಪಟವರ್ಧನರ ಸಂಸ್ಥಾನ ಕಾಲದ ಮರಾಠಿ ಪತ್ರಗಳ ಗಂಟೇ ಇದೆ, ಕೆಲವು ಮೋಡಿ ಲಿಪಿಯವು. ದಾಖಲೆಯನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸಿ ದೃಢೀಕರಿಸುವುದೂ ನೋಟರಿಯ ಕೆಲಸ ಎಂದು ಕಾಯ್ದೆಯ 8ನೇ ಕಲಂ ಹೇಳುತ್ತದೆ. ಅದನ್ನು ಓದಿದ ದಿನದಿಂದ ಅವನು ಮೋಡಿ ಕಲಿಯಲು ಹೊರಟಿದ್ದಾನೆ.

ನನ್ನದು ಚೆಕ್ ಬೌನ್ಸ್. ಸೀನಿಯರ್ ಆಫೀಸಿನಲ್ಲಿ ನನಗೆ ಬರುವ ಕೆಲಸದಲ್ಲಿ ಹೆಚ್ಚಿನದು ಅದೇ. ನೂಲಿನ ವ್ಯಾಪಾರ ನಡೆಯುವುದೇ ಸಾಲದ ಮೇಲೆ. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್, ಹಣ ಕೊಡಲು 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ದೂರು. ಇದನ್ನು ನಾನು ಬಾಯಿಪಾಠ ಮಾಡಿಲ್ಲ, ಟೈಪ್ ಮಾಡಿ ಮಾಡಿ ಬಂದಿದೆ.

ಜೂನಿಯರ್‌ಗೆ ಸಂಬಳ ಎಂದು ಇಲ್ಲ, ಬಸ್ ಚಾರ್ಜು ದಾಟಿದರೆ ಪುಣ್ಯ. ಪರೀಕ್ಷೆಯ ಮೂರೂವರೆ ಸಾವಿರ ಶುಲ್ಕವನ್ನು ಅಪ್ಪ ಸೀರೆಯ ಕೂಲಿಯಲ್ಲಿ ಕೊಟ್ಟಿದ್ದಾರೆ. ಮನೆಯೊಳಗೇ ಪವರ್‌ಲೂಮ್. ಕರೆಂಟ್ ಇದ್ದಾಗ ಸದ್ದಿಗೆ ಓದು ಹತ್ತುವುದಿಲ್ಲ. ಹೋದಾಗ ಓದಲು ಶಾಂತಿ ಸಿಗುತ್ತದೆ, ಅಪ್ಪನ ಕೂಲಿ ನಿಲ್ಲುತ್ತದೆ. ಮದುವೆಯ ಮಾತು ಶುರುವಾಗಿದೆ. ‘ಏಳು ವರ್ಷ ಯಾರ ಕಾಯತಾರ?’ ಎಂದು ಅತ್ತೆ ಕೇಳಿದರೆ ಅಪ್ಪ ಉತ್ತರ ಕೊಡುವುದಿಲ್ಲ, ಎದ್ದು ಮಗ್ಗದ ಸ್ವಿಚ್ ಹಾಕುತ್ತಾರೆ.

ನನ್ನ ಎರಡು ವರ್ಷದಲ್ಲಿ ಉಳಿದಿರುವುದು ಏಳು ತಿಂಗಳು. ಸಂವಿಧಾನ ಮುಗಿದಿದೆ, ಸಿವಿಲ್ ಪ್ರಕ್ರಿಯಾ ಸಂಹಿತೆ ಎರಡನೇ ಸಲ ನಡೆದಿದೆ. ತೆರಿಗೆಯ ನಾಲ್ಕು ಅಂಕ ಬಿಟ್ಟುಬಿಡೋಣ ಎಂದು ನಾಲ್ವರೂ ಒಪ್ಪಿದ್ದೇವೆ. ಮುಂದಿನ ಭಾನುವಾರ ಸಾಕ್ಷ್ಯ ಅಧಿನಿಯಮ, ಪಾಠ ಹೇಳುವ ಪಾಳಿ ನನ್ನದು.