ನಗುವ ಮುನ್ನ ಅರ್ಥ ಹೇಳಿ

ಬೇಗೂರಿನಲ್ಲಿ ನಮ್ಮ ನೆರೆಮನೆಯ ಯುವತಿಯೊಬ್ಬಳು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ ಬಂದು, ‘ಅಂಕಲ್, ನನ್ನ ಪ್ರಪೋಸಲ್ ಬಗ್ಗೆ ಲೆಟ್ ಅಸ್ ಟೇಬಲ್ ಇಟ್ ಅಂದರು. ಹಾಗಂದರೇನು?’ ಎಂದು ಕೇಳಿದಳು. ಜೀವನವಿಡೀ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಅನುಮಾನವೇ ಬರಲಿಲ್ಲ. ಸದನದಲ್ಲಿ ವರದಿಯನ್ನು ‘ಟೇಬಲ್’ ಮಾಡುವುದೆಂದರೆ ಮಂಡಿಸುವುದು. ನಿನ್ನ ಪ್ರಸ್ತಾವವನ್ನು ಚರ್ಚೆಗೆ ತರಲು ಹೇಳಿದ್ದಾರೆ ಎಂದೆ.

ಆಕೆ ರಾತ್ರಿಯೆಲ್ಲ ಕುಳಿತು ಸಿದ್ಧಳಾಗಿ ಮರುದಿನದ ಸಭೆಯಲ್ಲಿ ವಿವರಿಸಲು ತೊಡಗಿದಳಂತೆ. ಆದರೆ ಅಮೆರಿಕದ ಗ್ರಾಹಕರು ಹೇಳಿದ್ದು, ಅದನ್ನು ಸದ್ಯಕ್ಕೆ ಬದಿಗಿಡೋಣ ಎಂದು! ಸಹೋದ್ಯೋಗಿಗಳು ನಕ್ಕರು. ತಪ್ಪು ನನ್ನದು, ತಲೆ ತಗ್ಗಿಸಿದವಳು ಆಕೆ.

ಬ್ರಿಟನ್ನಿನಲ್ಲಿ ಮತ್ತು ನಮ್ಮಲ್ಲಿ ‘ಟೇಬಲ್’ ಎಂದರೆ ಚರ್ಚೆಗೆ ಮುಂದಿಡುವುದು, ಅಮೆರಿಕದಲ್ಲಿ ಮುಂದೂಡುವುದು. ಎರಡನೆಯ ಮಹಾಯುದ್ಧದ ಸಂದರ್ಭದಲ್ಲಿ ಇದೇ ಪದದಿಂದಾಗಿ ಎರಡೂ ದೇಶಗಳ ಸೇನಾಧಿಕಾರಿಗಳ ನಡುವೆ ದೀರ್ಘ ವಾಗ್ವಾದ ನಡೆಯಿತೆಂದು ಚರ್ಚಿಲ್ ತಮ್ಮ ಯುದ್ಧಸ್ಮೃತಿಗಳಲ್ಲಿ ಬರೆದಿದ್ದಾರೆ. ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರ ಪಾಡೇ ಹೀಗಿರುವಾಗ, ನಮ್ಮ ಹುಡುಗಿಯನ್ನು ಕಂಡು ನಗುವುದೇಕೆ?

ನುಡಿಗಟ್ಟಿನ ಅರ್ಥ ಅದರ ಬಿಡಿಪದಗಳಲ್ಲಿಲ್ಲ, ಅದು ಹುಟ್ಟಿದ ಬದುಕಿನಲ್ಲಿದೆ. ಇಂಗ್ಲಿಷಿನಲ್ಲಿ ‘ಗಿವ್ ಎ ಹ್ಯಾಂಡ್’ ಎಂದರೆ ನೆರವಾಗುವುದು. ಕನ್ನಡದಲ್ಲಿ ‘ಕೈ ಕೊಟ್ಟ’ ಎಂದರೆ ನಡುನೀರಿನಲ್ಲಿ ಬಿಟ್ಟುಹೋದ ಎಂದರ್ಥ. ಕಂಪನಿಗಳಲ್ಲಿ ನಿತ್ಯ ಕೇಳಿಬರುವ ‘ಬಾಲ್‌ಪಾರ್ಕ್ ಫಿಗರ್’ ಅಮೆರಿಕದ ಬೇಸ್‌ಬಾಲ್ ಮೈದಾನದಿಂದ ಬಂದ ಮಾತು; ಸ್ಥೂಲ ಅಂದಾಜು ಎಂದಷ್ಟೇ ಅದರ ಅರ್ಥ. ‘ಸ್ಟಿಕಿ ವಿಕೆಟ್’ ಎಂದರೆ ಇಕ್ಕಟ್ಟಿನ ಪರಿಸ್ಥಿತಿ ಎಂಬುದು ಕ್ರಿಕೆಟ್ ಬಲ್ಲ ನಮಗೆ ಸುಲಭವಾಗಿ ಹೊಳೆಯುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಉರುಹೊಡೆಯುವ ‘ಫ್ರೀ ಲಂಚ್ ಎಂಬುದಿಲ್ಲ’ ಎಂಬ ಮಾತಿನ ಹಿಂದೆ, ಮದ್ಯ ಕೊಂಡವರಿಗೆ ಊಟವನ್ನು ‘ಉಚಿತ’ವಾಗಿ ಬಡಿಸುತ್ತಿದ್ದ 19ನೇ ಶತಮಾನದ ಅಮೆರಿಕದ ಪಾನಗೃಹಗಳಿವೆ. ಈ ಹಿನ್ನೆಲೆ ತಿಳಿದರೆ ಮಾತು ಮರೆಯುವುದಿಲ್ಲ.

ನಮ್ಮ ಕಾಲೇಜುಗಳು ವ್ಯಾಕರಣವನ್ನು ಕಲಿಸುತ್ತವೆ, ಉಚ್ಚಾರಣೆಯನ್ನು ತಿದ್ದುತ್ತವೆ. ನುಡಿಗಟ್ಟುಗಳನ್ನು ಮಾತ್ರ ಕಂಠಪಾಠದ ಪಟ್ಟಿಯಾಗಿ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಪ್ರತಿಯೊಂದು ನುಡಿಗಟ್ಟನ್ನೂ ಕನ್ನಡದ ಸಂವಾದಿ ಮಾತಿನೊಡನೆ ಇಟ್ಟು, ಯಾರು ಯಾರೊಡನೆ ಯಾವಾಗ ಆಡುತ್ತಾರೆಂಬುದನ್ನು ತಿಳಿಸಿದರೆ, ಗ್ರಾಮೀಣ ವಿದ್ಯಾರ್ಥಿಗಳ ಅಳುಕು ಎಷ್ಟೋ ಕಡಿಮೆಯಾದೀತು. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಆರಂಭವಾದ ಪ್ರೊ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣ ನಮ್ಮ ಮುಂದಿರುವ ಮಾದರಿ. ವಿದ್ಯಾವಂತ ಕನ್ನಡಿಗರು ತಮ್ಮದೇ ಭಾಷೆಯ ಪದಗಳ ಅರ್ಥವನ್ನು ಅಲ್ಲಿ ಸಂಕೋಚವಿಲ್ಲದೆ ಕೇಳುತ್ತಿದ್ದರು.

ನಮ್ಮ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ, ಸುಮಾರು ಕ್ರಿ.ಶ. 890ರದೆನ್ನಲಾದ, ಬೆಂಗಳೂರಿನ ಹೆಸರನ್ನು ಉಲ್ಲೇಖಿಸುವ ಶಾಸನವಿದೆ. ಅದನ್ನು ಅರ್ಥಮಾಡಿಕೊಳ್ಳಲು ನಮಗೆ ಶಾಸನತಜ್ಞರ ನೆರವು ಬೇಕು. ಅಷ್ಟಕ್ಕೇ ನಾವು ಕನ್ನಡ ಬಾರದವರೆಂದು ಯಾರೂ ಹೀಗಳೆಯುವುದಿಲ್ಲ. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೂ ಅದೇ ಔದಾರ್ಯ ಸಲ್ಲಬೇಡವೇ?

ಆಕೆ ಈಗಲೂ ನನ್ನ ಬಳಿ ಅರ್ಥ ಕೇಳಲು ಬರುತ್ತಾಳೆ. ಉತ್ತರಿಸುವ ಮುನ್ನ ನಾನು ಕೇಳುತ್ತೇನೆ: ‘ಹೇಳಿದವರು ಯಾವ ದೇಶದವರಮ್ಮ?’